ಗುಬ್ಬಿ ಯಾವ ಬೀಗ ತೆಗೆಯಬಹುದು? ಕೂಡಿ ಕತೆ ಬರೆಯುವವರು ಹ್ಯಾಕರ್ ಪಾತ್ರದ ಬಗ್ಗೆ ಮೊದಲೇ ಮಾಡಿಕೊಳ್ಳಬೇಕಾದ ಮಾತು

ನಾವು ಐದು ಮಂದಿ ಕೂಡಿ ಕತೆ ಬರೆಯುತ್ತೇವೆ. ರವಿವಾರ ಸಂಜೆ ಕಲಬುರಗಿಯ ಪಬ್ಲಿಕ್ ಗಾರ್ಡನ್‌ನಲ್ಲಿ ಸೇರುತ್ತೇವೆ, ಉಳಿದ ದಿನ ಫೋನಿನಲ್ಲೇ ಮುಂದುವರಿಸುತ್ತೇವೆ. ಒಬ್ಬೊಬ್ಬರದು ಒಂದೊಂದು ಪಾತ್ರ. ನನ್ನ ಪಾತ್ರದ ಮಾತು, ನಡೆ ನಾನು ಬರೆಯಬೇಕು, ನಿಮ್ಮದು ನೀವು. ರೋಲ್‌ಪ್ಲೇ ಅಂದರೆ ಇಷ್ಟೇ.

ನಮ್ಮ ಕತೆ ಒಂದು ದಾಲ್ ಮಿಲ್ಲಿನದು. ತೊಗರಿ ದಾಸ್ತಾನಿನ ಲೆಕ್ಕದಲ್ಲಿ ಯಾರೋ ಕೈಯಾಡಿಸಿದ್ದಾರೆ, ಅದನ್ನು ಹೊರಗೆ ತರಬೇಕು. ಬೀದರಿನ ಗೆಳತಿಯ ಪಾತ್ರ ಆ ಲೆಕ್ಕವನ್ನು ಕಾಯುವಾಕೆ. ಯಾದಗಿರಿಯ ಹುಡುಗನ ಪಾತ್ರ ‘ಗುಬ್ಬಿ’ ಎಂಬ ಹ್ಯಾಕರ್. ಆರು ತಿಂಗಳು ಆಕೆ ಆ ಮಿಲ್ಲಿನ ಆಫೀಸು, ಕಪಾಟು, ಕಂಪ್ಯೂಟರು, ಅದರೊಳಗಿನ ಬೀಗ (ಎನ್‌ಕ್ರಿಪ್ಷನ್, ಅಂದರೆ ಕೀಲಿಕೈ ಇಲ್ಲದವರು ಓದಲಾಗದಂತೆ ಲೆಕ್ಕವನ್ನು ಗುಪ್ತಲಿಪಿ ಮಾಡಿಡುವುದು) ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಳು. ಒಂದು ರಾತ್ರಿ ಹುಡುಗ ಬರೆದ: “ಗುಬ್ಬಿ ಲ್ಯಾಪ್‌ಟಾಪ್ ತೆರೆದ. ಎರಡು ನಿಮಿಷದಲ್ಲಿ ಎನ್‌ಕ್ರಿಪ್ಷನ್ ಒಡೆದ. ಲೆಕ್ಕವೆಲ್ಲ ಅವನ ಕೈಗೆ ಬಂತು.”

“ನಾ ಆರು ತಿಂಗಳು ಕೂತು ಕಟ್ಟಿದ್ದು ನೀ ಒಂದ್ ಸಾಲಿನಾಗ ಮುಗಿಸಿದಿ. ಮತ್ತ ನಾ ಯಾಕ ಬರೀಬೇಕು?” ಅಂದಳು ಆಕೆ.

“ನನ್ ಪಾತ್ರ ಹ್ಯಾಕರ್ ಅದಾನಲ್ರೀ ಅಕ್ಕಾ, ಒಡೀಲಿಲ್ಲಂದ್ರ ಹೆಂಗ?” ಅಂದ ಹುಡುಗ.

ಇಬ್ಬರ ಮಾತೂ ಖರೆ ಇತ್ತು. ಆದರೂ ಆಕೆ ಎರಡು ತಿಂಗಳು ಒಂದಕ್ಷರ ಬರೆಯಲಿಲ್ಲ. ಮೇಲ್ನೋಟಕ್ಕೆ ಅದು ಕಂಪ್ಯೂಟರಿನ ಜಗಳ. ಒಳಗೆ ಇದ್ದದ್ದು ಬೇರೆ: ಹ್ಯಾಕರ್ ಪಾತ್ರ ತೆರೆಯುವ ಪ್ರತಿಯೊಂದು ಬೀಗವೂ ಇನ್ನೊಬ್ಬ ಬರಹಗಾರ ಕಟ್ಟಿದ್ದು. ಕತ್ತಿವರಸೆಯ ಪಾತ್ರ ಎದುರಿಗಿದ್ದವನನ್ನು ಹೊಡೆದರೆ ಅವನು ತಪ್ಪಿಸಿಕೊಳ್ಳುವುದನ್ನು ಬರೆಯಬಹುದು. ಹ್ಯಾಕರ್ ಮಾತ್ರ ಎದುರಿನವನು ಕೋಣೆಯಲ್ಲೇ ಇಲ್ಲದಾಗ ಅವನ ಮನೆ ಹೊಕ್ಕು ಬರುತ್ತಾನೆ. ಆದ್ದರಿಂದ ಈ ಪಾತ್ರಕ್ಕೆ ಬೇರೆಲ್ಲ ಪಾತ್ರಗಳಿಗಿಂತ ಹೆಚ್ಚಿನ ಒಪ್ಪಂದ ಬೇಕು. ನಾವು ಮತ್ತೆ ಬರೆಯಲು ಕೂತದ್ದು ಅಂಥ ಒಪ್ಪಂದ ಮಾಡಿಕೊಂಡ ಮೇಲೆ. ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಇಡುತ್ತೇನೆ.

ಮೊದಲು ಕತೆಯ ಇಸವಿ ಗೊತ್ತು ಮಾಡಿಕೊಳ್ಳಿ

ಯಾವ ಬೀಗ ಗಟ್ಟಿ, ಯಾವುದು ಸಡಿಲ ಅನ್ನುವುದು ಇಸವಿಯ ಮೇಲೆ ನಿಂತಿದೆ. ಅಮೆರಿಕ 1977ರಲ್ಲಿ ಮಾನಕವೆಂದು ಒಪ್ಪಿದ ಡಿಇಎಸ್ ಎಂಬ ಗುಪ್ತಲಿಪಿ ವಿಧಾನದ ಕೀಲಿಕೈ 56 ಬಿಟ್ ಉದ್ದ (ಒಂದು ಬಿಟ್ ಅಂದರೆ ಸೊನ್ನೆ ಇಲ್ಲವೇ ಒಂದು ಎಂಬ ಅಂಕಿ). 1998ರಲ್ಲಿ ಅದಕ್ಕೆಂದೇ ಕಟ್ಟಿದ ಒಂದು ಯಂತ್ರ ಎಲ್ಲ ಕೀಲಿಕೈಗಳನ್ನೂ ಒಂದೊಂದಾಗಿ ಹಾಕಿ ನೋಡುತ್ತಾ 56 ತಾಸಿನಲ್ಲಿ ಅದನ್ನು ತೆರೆಯಿತು. ನಿಮ್ಮ ಕತೆ 1985ರಲ್ಲಿ ನಡೆದರೆ ಡಿಇಎಸ್ ಒಡೆಯುವ ಬಡ ಹುಡುಗ ನಂಬಲಾಗದ ಪಾತ್ರ. 2005ರಲ್ಲಾದರೆ ಅದನ್ನು ಇನ್ನೂ ಬಳಸುತ್ತಿರುವ ಕಂಪನಿಯೇ ಕತೆಯ ದೋಷಿ. ವಾಟ್ಸಾಪ್ 2016ರಲ್ಲಿ ಎಲ್ಲ ಸಂದೇಶಗಳಿಗೂ ಕಳಿಸುವವರ ಫೋನಿನಿಂದ ಪಡೆಯುವವರ ಫೋನಿನ ತನಕ ಬೀಗ ಹಾಕಿತು. ಅದರ ನಂತರದ ಕತೆಯಲ್ಲಿ “ದಾರಿಯಲ್ಲಿ ಹೋಗುವ ಮೆಸೇಜು ಹಿಡಿದು ಓದಿದ” ಅಂತ ಬರೆದರೆ ಓದುಗರು ಒಪ್ಪುವುದಿಲ್ಲ. ಫೋನನ್ನೇ ಕೈಗೆ ತೆಗೆದುಕೊಳ್ಳಬೇಕು, ಇಲ್ಲವೇ ಫೋನಿನವರನ್ನು.

ಬಹಮನಿ ಕಾಲದ ಕತೆ ಬರೆಯುವವರಿಗೂ ದಾರಿಯಿದೆ. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಗುಪ್ತಲಿಪಿಯನ್ನು ಬಿಡಿಸುವ ಉಪಾಯವನ್ನು ಬಗ್ದಾದಿನ ಅಲ್ ಕಿಂದಿ 9ನೇ ಶತಮಾನದಲ್ಲೇ ಅರಬ್ಬಿಯಲ್ಲಿ ಬರೆದಿಟ್ಟಿದ್ದ. ಹಾಗಾಗಿ 15ನೇ ಶತಮಾನದ ಬೀದರಿನ ಆಸ್ಥಾನದಲ್ಲಿ ಅರಬ್ಬಿ ಬಲ್ಲ ವಿದ್ವಾಂಸನೊಬ್ಬನಿಗೆ ಆ ವಿದ್ಯೆ ಗೊತ್ತಿತ್ತು ಎಂದು ಬರೆದರೆ ತಪ್ಪಿಲ್ಲ.

ಗಣಿತ ಒಡೆಯುವುದಿಲ್ಲ, ಅದನ್ನು ಹಿಡಿದ ಕೈ ಜಾರುತ್ತದೆ

ಇದೊಂದು ಕಟ್ಟಳೆಯನ್ನು ಎಲ್ಲರೂ ಒಪ್ಪಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇಂದಿನ ಒಳ್ಳೆಯ ಎನ್‌ಕ್ರಿಪ್ಷನ್ನಿನ ಕೀಲಿಕೈ ಕನಿಷ್ಠ 128 ಬಿಟ್. ಅಂದರೆ ಹಾಕಿ ನೋಡಬೇಕಾದ ಕೀಲಿಕೈಗಳ ಸಂಖ್ಯೆ ಸುಮಾರು 34ರ ಮುಂದೆ 37 ಸೊನ್ನೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಕೈ ಹಾಕಿ ನೋಡುವ ಯಂತ್ರ ಗುಬ್ಬಿಯ ಹತ್ತಿರ ಇದ್ದರೂ, ವಿಶ್ವದ ಈವರೆಗಿನ ವಯಸ್ಸಿನ ಕೋಟಿಗಟ್ಟಲೆ ಪಟ್ಟು ಕಾಲ ಬೇಕು. ಇದನ್ನು “ಎರಡು ನಿಮಿಷದಲ್ಲಿ ಒಡೆದ” ಎಂದು ಬರೆಯುವುದೆಂದರೆ ಯಾದಗಿರಿಯ ಕೋಟೆಗುಡ್ಡವನ್ನು ಉಗುರಿನಿಂದ ಕೆರೆದು ಸಾಪಾಟು ಮಾಡಿದ ಎಂದು ಬರೆದಂತೆ.

ಹಾಗಾದರೆ ಹ್ಯಾಕರ್‌ಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ, ಮತ್ತು ಕತೆಗೆ ಬೇಕಾದ್ದೆಲ್ಲ ಇರುವುದೂ ಅಲ್ಲೇ. ಇದಕ್ಕೆ ದೂರ ಹೋಗಬೇಕಿಲ್ಲ, ಬೀದರಿನ ಮದರಸಾದ ಮುಂದೆ ನಿಂತರೆ ಸಾಕು. ಅದನ್ನು ಕಟ್ಟಿಸಿದ ಮಹಮೂದ್ ಗಾವಾನ ಬಹಮನಿ ರಾಜ್ಯದ ಪ್ರಧಾನಿ. ಅವನ ಮುದ್ರೆ ಬಿದ್ದ ಕಾಗದ ಅಂದರೆ ಅವನದೇ ಮಾತು. ಇತಿಹಾಸಕಾರರು ಹೇಳುವಂತೆ, ಅವನ ವಿರೋಧಿಗಳು ಆ ಮುದ್ರೆಯ ನಕಲು ಮಾಡಲು ಹೋಗಲಿಲ್ಲ. ಮುದ್ರೆ ಕಾಯುತ್ತಿದ್ದವನನ್ನೇ ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ ಬರೆದಂತೆ ರಾಜದ್ರೋಹದ ಪತ್ರ ಬರೆದರು. ಸುಲ್ತಾನ ನಂಬಿದ. 1481ರಲ್ಲಿ ಗಾವಾನನ ತಲೆ ಹೋಯಿತು. ಮುದ್ರೆ ಕೊನೆಯ ತನಕ ಗಟ್ಟಿಯಾಗಿಯೇ ಇತ್ತು.

ನಮ್ಮ ಗುಂಪಿನಲ್ಲಿ ಯಾರಾದರೂ “ಎನ್‌ಕ್ರಿಪ್ಷನ್ ಒಡೆದ” ಎಂದು ಬರೆದರೆ ಉಳಿದವರು ಕೇಳುವುದು ಒಂದೇ ಪ್ರಶ್ನೆ: “ಮುದ್ರೆ ಯಾರ ಕೈಯಾಗಿತ್ತು?” ಪಾಸ್‌ವರ್ಡ್ ಬರೆದಿಟ್ಟ ಕ್ಯಾಲೆಂಡರು, ಬೀಗ ಹಾಕುವ ಮೊದಲಿನ ಪ್ರತಿ ಉಳಿದ ಪೆನ್‌ಡ್ರೈವ್, ಹಳೆಯ ದೋಷ ಸರಿಪಡಿಸದ ಸಾಫ್ಟ್‌ವೇರ್, ಸಿಟ್ಟಿನಲ್ಲಿ ಕೆಲಸ ಬಿಟ್ಟ ನೌಕರ. ಉತ್ತರ ಇವುಗಳಲ್ಲಿ ಒಂದಾಗಿರಬೇಕು.

ಪಾತ್ರ ರಂಗಕ್ಕೆ ಬಂದಾಗ ಸಾರಥಿ ಕೇಳಲಿ

ದೊಡ್ಡಾಟದಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೆ ಸಾರಥಿ ಎದುರಿಗೆ ನಿಂತು ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಪಾತ್ರ ತನ್ನ ಬಾಯಿಂದಲೇ ತನ್ನ ಪರಿಚಯ ಹೇಳಬೇಕು. ನಾವು ಅದನ್ನೇ ತಂದುಕೊಂಡೆವು. ತಿಂಗಳಿಗೊಬ್ಬರು ಸಾರಥಿ. ಆ ತಿಂಗಳು ಅವರ ಪಾತ್ರ ಹ್ಯಾಕಿಂಗಿನ ದೃಶ್ಯದಲ್ಲಿ ಇರಬಾರದು, ಅವರ ತೀರ್ಪಿಗೆ ಎದುರು ಮಾತಿಲ್ಲ.

ಬಹಳ ಜನ “ಹ್ಯಾಕಿಂಗ್: 10ಕ್ಕೆ 9” ಎಂದು ಅಂಕ ಕೊಟ್ಟುಕೊಳ್ಳುತ್ತಾರೆ. ಅಂಕ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 9 ಅಂದರೆ ಏನೆಂದು ಐದು ಜನ ಐದು ತರಹ ತಿಳಿಯುತ್ತಾರೆ. ಇದು ಒಂದೇ ವಿದ್ಯೆಯೂ ಅಲ್ಲ. ಜನರನ್ನು ಮಾತಿನಲ್ಲಿ ನಂಬಿಸಿ ಗುಟ್ಟು ತೆಗೆಯುವವನು ಬೇರೆ, ಸಾಫ್ಟ್‌ವೇರಿನ ದೋಷ ಹುಡುಕುವವನು ಬೇರೆ, ಯಂತ್ರ ಬಿಚ್ಚಿ ಚಿಪ್ಪಿಗೆ ತಂತಿ ಹಚ್ಚುವವನು ಬೇರೆ, ಗುಪ್ತಲಿಪಿಯ ಗಣಿತ ಬಲ್ಲವನು ಮತ್ತೂ ಬೇರೆ. ಹೊಲಿಗೆ ಬಲ್ಲವನಿಗೆ ನೇಯ್ಗೆಯೂ ಬರುತ್ತದೆ ಎಂದುಕೊಳ್ಳಬಾರದು.

ಸಾರಥಿ ಕೇಳಬೇಕಾದದ್ದು: ಎಲ್ಲಿ ಕಲಿತಿ? ಯಾವ ಕೆಲಸ ಕೈಗೆ ಹತ್ತಿದೆ? ಯಾವುದು ಬರುವುದಿಲ್ಲ? ಹತ್ತಿರ ಏನು ಸಾಮಾನಿದೆ? ಸಿಕ್ಕಿಬಿದ್ದರೆ ಏನು ಕಳೆದುಕೊಳ್ಳುತ್ತಿ? ಮೂರನೆಯದನ್ನು ಅರ್ಧ ತಾಸು ಕೂತು ಚರ್ಚಿಸಿ. ಪಾತ್ರಕ್ಕೆ ಬರದ ಕೆಲಸ ಇನ್ನೊಬ್ಬರ ಪಾತ್ರಕ್ಕೆ ಬಂದರೆ ಇಬ್ಬರೂ ಒಂದೇ ದೃಶ್ಯಕ್ಕೆ ಬರುತ್ತಾರೆ, ಕತೆ ಬೆಳೆಯುವುದು ಆಗಲೇ. ನಮ್ಮ ಹುಡುಗ ಕೊನೆಗೆ ಬರೆದುಕೊಟ್ಟ ಹಾಳೆ ಹೀಗಿದೆ:

“ಗುಬ್ಬಿ, ವಯಸ್ಸು 23. ಸೂಪರ್ ಮಾರ್ಕೆಟ್ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಏಳು ವರ್ಷದಿಂದ ಕೆಲಸ. ಫೋನ್ ಬಿಚ್ಚಿ ಜೋಡಿಸುವುದು, ಅಳಿಸಿದ ಫೋಟೊ ವಾಪಸ್ ತರುವುದು, ವೈಫೈ ಸೆಟ್ಟಿಂಗ್ ಬರುತ್ತದೆ. ಫೋನಿನಲ್ಲಿ ಯಾರ ದನಿಯಲ್ಲಾದರೂ ಮಾತಾಡಬಲ್ಲ. ಪ್ರೋಗ್ರಾಂ ಬರೆಯಲು ಬರುವುದಿಲ್ಲ, ಬೇರೆಯವರು ಬರೆದದ್ದನ್ನು ನಡೆಸಬಲ್ಲ. ಗುಪ್ತಲಿಪಿಯ ಗಣಿತ ಗೊತ್ತಿಲ್ಲ. ಹಳೆಯ ಲ್ಯಾಪ್‌ಟಾಪ್, ಬ್ಯಾಟರಿ ಒಂದು ತಾಸು. ಸಿಕ್ಕಿಬಿದ್ದರೆ ಅಂಗಡಿ ಮಾಲೀಕರ ನಂಬಿಕೆ ಹೋಗುತ್ತದೆ, ತಂಗಿಯ ಫೀ ಕಟ್ಟಲಾಗುವುದಿಲ್ಲ.”

ಇದನ್ನು ಓದಿ ಮುಗಿಸಿದಾಗ ಬೀದರಿನ ಗೆಳತಿ ಅಂದಳು: “ಈಗ ನೋಡಪ, ಇವ ಮನಷ್ಯಾ ಆದ.”

ಬೀಗ ಕಟ್ಟಿದವರು ಬಿರುಕನ್ನೂ ಬರೆದಿಡಬೇಕು

ನಮ್ಮ ಒಪ್ಪಂದದ ನಡುಗಂಬ ಇದು. ಬೀಗ ಕಟ್ಟಿದವರಿಗೆ ಅದನ್ನು ಕಾಯುವ ಹಕ್ಕಿದೆ. ಆದರೆ ಎಂದೂ ತೆರೆಯದ ಬೀಗ ಕಟ್ಟಿದರೆ ಹ್ಯಾಕರ್ ಪಾತ್ರದವರು ಬರೆಯುವುದೇನು? ಹಾಗಾಗಿ ಪ್ರತಿ ಬೀಗಕ್ಕೂ ಅದರ ಒಡೆಯರು ಒಂದು ಬಿರುಕು ಇಡಬೇಕು, ಅದನ್ನು ಚೀಟಿಯಲ್ಲಿ ಬರೆದು ಮಡಚಿ ಸಾರಥಿಗೆ ಕೊಡಬೇಕು. ನಮ್ಮ ಸಾರಥಿ ಚೀಟಿಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಇಡುತ್ತಾರೆ. ಬರೆದ ಮೇಲೆ ಬಿರುಕನ್ನು ಬದಲಿಸುವಂತಿಲ್ಲ. ಎದುರಿನವನು ಹತ್ತಿರ ಬಂದ ಎಂದು ಬಿರುಕನ್ನು ಇನ್ನೊಂದು ಗೋಡೆಗೆ ಸರಿಸುವುದು ಅನ್ಯಾಯ, ಚೀಟಿ ಇರುವುದೇ ಅದನ್ನು ತಡೆಯಲು.

ದೊಡ್ಡ ಬೀಗವಾದರೆ ಸುತ್ತು ಸುತ್ತಾಗಿ ಯೋಚಿಸಿ. ಬೀದರ್ ಕೋಟೆಗೆ ಬಂಡೆಯಲ್ಲೇ ಕಡಿದ ಮೂರು ಪದರದ ಕಂದಕವಿದೆ. ಒಂದನ್ನು ದಾಟಿದವನ ಮುಂದೆ ಇನ್ನೊಂದು. ಮಿಲ್ಲಿನ ಲೆಕ್ಕಕ್ಕೂ ಹಾಗೆ: ಆಫೀಸಿನ ಬಾಗಿಲು, ಕಂಪ್ಯೂಟರಿನ ಪಾಸ್‌ವರ್ಡ್, ಲೆಕ್ಕದ ಫೈಲಿನ ಬೀಗ. ಒಂದೊಂದಕ್ಕೆ ಒಂದೊಂದು ಚೀಟಿ, ಒಂದೊಂದಕ್ಕೆ ಒಂದು ದೃಶ್ಯ. ಬಿರುಕು ಎಲ್ಲಿರಬಹುದು ಎಂದು ತೋಚದಿದ್ದರೆ ಬೀದರಿನ ಹತ್ತಿರದ ನೌಬಾದಿನ ಸುರಂಗ ಬಾವಿಯನ್ನು ನೆನೆಯಿರಿ. ನೆಲದೊಳಗೆ ಹರಿಯುವ ನೀರಿನ ಕಾಲುವೆಗೆ ಗಾಳಿ, ಬೆಳಕು ಬೇಕು, ಹೂಳೆತ್ತುವವರು ಇಳಿಯಬೇಕು, ಅದಕ್ಕೆಂದು ಅಲ್ಲಲ್ಲಿ ಮೇಲಿನಿಂದ ಬಾವಿ ತೋಡಿದ್ದಾರೆ. ಕೆಲಸ ನಡೆಯಲೆಂದು ಮಾಡಿದ ಕಿಂಡಿಯೇ ಹೊರಗಿನವರಿಗೂ ದಾರಿ. ರಿಪೇರಿಯವರಿಗೆಂದು ಬಿಟ್ಟ ಲಾಗಿನ್, ಮಾಲೀಕರು ಮನೆಯಿಂದ ನೋಡಲೆಂದು ತೆರೆದ ಸಂಪರ್ಕ ಇಂಥ ಕಿಂಡಿಗಳು. ಒಳ್ಳೆಯ ಬಿರುಕು ಯಾರದೋ ಅನುಕೂಲಕ್ಕಾಗಿ ಹುಟ್ಟಿರುತ್ತದೆ.

ಚೀಟಿ ಬರೆದವರು ಕತೆಯಲ್ಲಿ ಮೊದಲೇ ಎರಡು ಮೂರು ಸುಳಿವು ಬಿಡಬೇಕು. ಹ್ಯಾಕರ್ ಅದನ್ನು ಗಮನಿಸಿ ಸರಿಯಾದ ಜಾಗ ತಡವಿದರೆ ಸಾರಥಿ ಚೀಟಿ ತೆಗೆಯುತ್ತಾರೆ.

ಹೊತ್ತು, ಮತ್ತು ಬಿಟ್ಟುಹೋದ ಕುರುಹು

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ವಾದ ಬಂದಾಗ ಲೆಕ್ಕ ಹಾಕಿ. ನಾಲ್ಕು ಅಂಕಿಯ ಪಿನ್ 10,000 ತರಹ ಇರಬಹುದು, ಆರು ಅಂಕಿಯದು 10 ಲಕ್ಷ. ಸಣ್ಣ ಸಂಖ್ಯೆ ಅನ್ನಿಸಿದರೂ ಐದಾರು ತಪ್ಪಿಗೆ ಫೋನು ಸ್ವಲ್ಪ ಹೊತ್ತು ಕಾಯುವಂತೆ ಮಾಡುತ್ತದೆ, ಆದ್ದರಿಂದ ಸುಮ್ಮನೆ ಒತ್ತುತ್ತಾ ಕೂರಲು ಆಗುವುದಿಲ್ಲ. ಪಾಸ್‌ವರ್ಡಿನ ಗುಪ್ತರೂಪ ಇರುವ ಫೈಲೇ ಕೈಗೆ ಸಿಕ್ಕಿದೆ, ತಡೆಯುವವರು ಯಾರೂ ಇಲ್ಲ ಅಂದುಕೊಳ್ಳಿ. ಸೆಕೆಂಡಿಗೆ 100 ಕೋಟಿ ಸಲ ಹಾಕಿ ನೋಡಬಹುದಾದರೆ, ಇಂಗ್ಲಿಷಿನ ಸಣ್ಣಕ್ಷರಗಳ 8 ಅಕ್ಷರದ ಪಾಸ್‌ವರ್ಡಿಗೆ ಹೆಚ್ಚೆಂದರೆ ಮೂರೂವರೆ ನಿಮಿಷ. ಅದೇ 12 ಅಕ್ಷರವಾದರೆ ಮೂರು ವರ್ಷ. ನಾಲ್ಕೇ ಅಕ್ಷರಗಳ ವ್ಯತ್ಯಾಸ! ನಮ್ಮ ಗೆಳತಿ ಈ ಲೆಕ್ಕ ಕೇಳಿದ ದಿನವೇ ತನ್ನ ಪಾತ್ರದ ಪಾಸ್‌ವರ್ಡನ್ನು ಉದ್ದ ಮಾಡಿದಳು. ಹಾಗೆ ಬದಲಿಸುವುದು ನ್ಯಾಯವೇ, ಚೀಟಿ ಡಬ್ಬಿಗೆ ಬೀಳುವ ಮೊದಲಾದರೆ.

ಇಂಟರ್ನೆಟ್ಟಿಗೆ ಜೋಡಿಸದ ಯಂತ್ರದ ಹತ್ತಿರ ಯಾರಾದರೂ ನಡೆದುಕೊಂಡೇ ಹೋಗಬೇಕು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಇರಾನಿನ ನತಾಂಜ್ ಅಣುಕೇಂದ್ರದ ಯಂತ್ರಗಳಿಗೆ ತಲುಪಲು ಯುಎಸ್‌ಬಿ ಡ್ರೈವ್‌ಗಳ ಮೂಲಕವೂ ಹರಡುವಂತೆ ಮಾಡಿದ್ದ ಪ್ರೋಗ್ರಾಂ. ಅಂಥದ್ದನ್ನು ಒಬ್ಬನೇ ಹುಡುಗ ಒಂದು ರಾತ್ರಿಯಲ್ಲಿ ಬರೆಯುವುದಿಲ್ಲ.

ಗೆದ್ದ ಹ್ಯಾಕರ್ ಒಂದು ಕುರುಹು ಬಿಡಲೇಬೇಕು, ಏನೆಂದು ಗೆದ್ದವರೇ ಬರೆಯಬೇಕು. ಸರ್ವರಿನಲ್ಲಿ ಉಳಿದ ಲಾಗಿನ್ ಹೊತ್ತು, ದನಿ ನೆನಪಿಟ್ಟುಕೊಂಡ ವಾಚಮನ್, ಅಂಗಡಿಯ ಬಿಲ್ಲು. ಮುಂದಿನ ದೃಶ್ಯದಲ್ಲಿ ಸೋತವರ ಕೈಗೆ ಏನಾದರೂ ಉಳಿಯುವುದು ಇದರಿಂದಲೇ.

ಪಾತ್ರಗಳ ನಡುವಿನ ಗುಟ್ಟಿನ ಪತ್ರ

ನಿಜವಾದ ಎನ್‌ಕ್ರಿಪ್ಷನ್ ಓದುಗರಿಗೆ ಕಾಣುವುದಿಲ್ಲ. ಕಾಣುವ, ಬಿಡಿಸಲು ಬರುವ ಲಿಪಿ ಬೇಕೆಂದರೆ ನಮ್ಮ ಅಕ್ಷರಮಾಲೆಯೇ ಸಾಕು. ವರ್ಗೀಯ ವ್ಯಂಜನಗಳು ಐದು ಸಾಲು. ಪ್ರತಿ ಅಕ್ಷರವನ್ನು ಕೆಳಗಿನ ಸಾಲಿಗೆ ಇಳಿಸಿ: ಕ ಇದ್ದಲ್ಲಿ ಚ, ಚ ಇದ್ದಲ್ಲಿ ಟ, ಟ ಇದ್ದಲ್ಲಿ ತ, ತ ಇದ್ದಲ್ಲಿ ಪ, ಪ ಇದ್ದಲ್ಲಿ ಮತ್ತೆ ಕ. ಗ, ಜ, ಡ, ದ, ಬ ಕೂಡ ಹಾಗೆಯೇ. ಸ್ವರಗಳನ್ನೂ ಯರಲವಗಳನ್ನೂ ಮುಟ್ಟಬೇಡಿ. “ಕೋಟೆ ಬಾಗಿಲಿಗೆ ಬಾ” ಅನ್ನುವುದು “ಚೋತೆ ಗಾಜಿಲಿಜೆ ಗಾ” ಆಗುತ್ತದೆ. ಎಷ್ಟು ಸಾಲು ಇಳಿಸಿದ್ದೀರಿ ಅನ್ನುವುದೇ ಕೀಲಿಕೈ, ಅದು ನಾಲ್ಕೇ ತರಹ ಇರಲು ಸಾಧ್ಯ. ಗುಬ್ಬಿಗೆ ಗಣಿತ ಬರದಿದ್ದರೂ ಚಹಾ ಆರುವುದರೊಳಗೆ ಬಿಡಿಸುತ್ತಾನೆ.

ಅಕ್ಷರಗಳನ್ನು ಅಂಕಿಗಳಾಗಿ ಓದುವ ಕಟಪಯಾದಿಯನ್ನು ಗುಪ್ತಲಿಪಿ ಎಂದು ತಿಳಿಯಬೇಡಿ. ಮೇಚಕಲ್ಯಾಣಿ ರಾಗದ ‘ಮೇ’ 5, ‘ಚ’ 6, ತಿರುಗಿಸಿದರೆ 65ನೇ ಮೇಳಕರ್ತ ರಾಗ. ಸಂಗೀತ ಕಲಿತವರು ಯಾರು ಬೇಕಾದರೂ ಓದುತ್ತಾರೆ, ಅದರಲ್ಲಿ ಕೀಲಿಕೈ ಇಲ್ಲ. ಬೆಡಗಿನ ವಚನದ ಹಾಗೆ ಅರ್ಥ ಮುಚ್ಚಿಡುವುದು ಮೂರನೆಯ ದಾರಿ. ಅಲ್ಲಿ ಅಕ್ಷರ ತೆರೆದೇ ಇರುತ್ತದೆ, ಒಳಗಿನವರಿಗಷ್ಟೇ ತಿಳಿಯುತ್ತದೆ. ಈ ಮೂರರಲ್ಲಿ ತಮ್ಮ ಪಾತ್ರ ಯಾವುದನ್ನು ಬಳಸುತ್ತದೆ ಎಂದು ಬರೆಯುವವರಿಗೆ ಗೊತ್ತಿರಬೇಕು.

ಯಾರಿಂದಲೂ ಒಡೆಯಲಾಗದ ಪತ್ರವೇ ಬೇಕು ಎಂದು ಒಬ್ಬರು ಹಟ ಹಿಡಿದರೆ ಕೊಡಿ, ಬೆಲೆ ಸಮೇತ. ಸಂದೇಶದಷ್ಟೇ ಉದ್ದದ, ಯಾವ ಕ್ರಮವೂ ಇಲ್ಲದ ಕೀಲಿಕೈಯನ್ನು ಒಂದೇ ಸಲ ಬಳಸಿದರೆ ಒಡೆಯಲು ಸಾಧ್ಯವಿಲ್ಲ ಎಂದು ಕ್ಲಾಡ್ ಶ್ಯಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತದಿಂದಲೇ ತೋರಿಸಿದ. ಬೆಲೆ ಏನೆಂದರೆ ಆ ಕೀಲಿಕೈಯ ಪುಸ್ತಕವನ್ನು ಇಬ್ಬರೂ ಮೊದಲೇ ಭೇಟಿಯಾಗಿ ಹಂಚಿಕೊಳ್ಳಬೇಕು, ಕಳುವಾಗದಂತೆ ಕಾಯಬೇಕು. ಒಂದೇ ಹಾಳೆಯನ್ನು ಎರಡನೇ ಸಲ ಬಳಸಿದರೆ ಕೆಟ್ಟಿತು. ಸೋವಿಯತ್ ಗೂಢಚಾರರ ಸಂದೇಶಗಳಲ್ಲಿ ಅಂಥ ಹಾಳೆಗಳು ಎರಡೆರಡು ಸಲ ಬಳಕೆಯಾದದ್ದರಿಂದಲೇ ಅಮೆರಿಕದವರು ಅವುಗಳಲ್ಲಿ ಕೆಲವನ್ನು ಓದಿದರು.

ಬರೆಯಬಾರದ್ದು

ನಿಜವಾದ ಬ್ಯಾಂಕು, ಕಚೇರಿ, ಫೋನ್ ನಂಬರು, ಪರಿಚಯದವರ ಪಾಸ್‌ವರ್ಡು ಕತೆಗೆ ಬರಕೂಡದು. “ನಿಜವಾಗಲೂ ಆಗುತ್ತದೆಯೇ ನೋಡೋಣ” ಎಂದು ಯಾರ ವೈಫೈಯನ್ನೂ ಮುಟ್ಟಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮಿನ ಪ್ರಕಾರ ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಹಾಗೆ ಮಾಡಿದರೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕತೆಗೆ ಬೇಕಾದದ್ದು ಪಾತ್ರದ ಎದೆಬಡಿತ. ಒತ್ತಿದ ಗುಂಡಿಗಳ ಪಟ್ಟಿ ಅದಕ್ಕೆ ಬೇಡ.

ಪ್ರಯತ್ನ ನಂದು, ಫಲ ನಿಂದು

ದೃಶ್ಯ ಬರೆಯುವಾಗ ಹ್ಯಾಕರ್ ಪಾತ್ರದವರು ಪ್ರಯತ್ನವನ್ನಷ್ಟೇ ಬರೆದು ನಿಲ್ಲಿಸಬೇಕು. ಏನಾಯಿತು ಎಂದು ಬೀಗದ ಒಡೆಯರು ಬರೆಯುತ್ತಾರೆ. ಬೀಗದ ಒಡೆಯರಿಗೂ ಒಂದು ಕಟ್ಟು: ಬರಿ “ಆಗಲಿಲ್ಲ” ಎಂದು ಬರೆಯುವಂತಿಲ್ಲ. ಸೋತವನ ಕೈಗೂ ಒಂದು ಹೊಸ ವಿಷಯ ಕೊಡಬೇಕು. ಎರಡು ತಿಂಗಳ ಮೌನದ ನಂತರ ನಮ್ಮವರಿಬ್ಬರೂ ಬರೆದ ಮೊದಲ ದೃಶ್ಯ ನನ್ನ ಹತ್ತಿರ ಇದೆ.

ಹುಡುಗ ಬರೆದ: “ಗುಬ್ಬಿ ಮಿಲ್ಲಿನ ಆಫೀಸಿಗೆ ಫೋನ್ ಹಚ್ಚಿದ. ‘ನಮಸ್ಕಾರ್ರೀ, ಕಂಪ್ಯೂಟರ್ ಸರ್ವಿಸಿನವ್ರು ಮಾತಾಡ್ಲಿಕತ್ತೀವಿ. ನಿಮ್ ಬಿಲ್ಲಿಂಗ್ ನಿನ್ನಿಯಿಂದ ಭಾಳ ನಿಧಾನ ಅದ ಅಂತ ಕಂಪ್ಲೇಂಟ್ ಬಂದದ.’ ಉಸಿರು ಬಿಗಿಹಿಡಿದು ಕಾದ.”

ಗೆಳತಿ ಬರೆದಳು: “ಫೋನ್ ಎತ್ತಿದ್ದು ಹಳೆಯ ಗುಮಾಸ್ತ. ‘ನಿಧಾನೇನಪಾ, ನಿನ್ನಿ ದಿನಾ ಪೂರ್ತಿ ಕರೆಂಟೇ ಇರ್ಲಿಲ್ಲ. ನೀವು ಯಾ ಅಂಗಡಿಯವ್ರು?’ ಅಂದರು.”

ಗುಬ್ಬಿ ಫೋನ್ ಇಟ್ಟುಬಿಟ್ಟ. ಸೋತ. ಆದರೆ ಹುಡುಗ ಆ ಸಾಲನ್ನು ಬಿಡಲಿಲ್ಲ. ಮುಂದಿನ ರವಿವಾರ ಗಾರ್ಡನ್ನಿನಲ್ಲಿ ಬಂದವನೇ ಕೇಳಿದ: “ಅಕ್ಕಾ, ದಿನಾ ಪೂರ್ತಿ ಕರೆಂಟ್ ಇಲ್ಲಂದ್ರ ಅವತ್ತ ಬಂದ ತೊಗರಿ ಲೆಕ್ಕ ಎಲ್ಲಿ ಬರದ್ರು?”

ಆಕೆ ಏನೂ ಹೇಳದೆ ಸಾರಥಿಯ ಕಡೆ ನೋಡಿದಳು. ಸಾರಥಿ ಡಬ್ಬಿ ತೆಗೆದು ಚೀಟಿ ಬಿಡಿಸಿ ಓದಿದರು: “ಕರೆಂಟ್ ಹೋದ ದಿನ ಗುಮಾಸ್ತರು ಕೆಂಪು ಬಟ್ಟೆಯ ಕಿರ್ದಿ ವಹಿಯಲ್ಲಿ ಬರೆಯುತ್ತಾರೆ. ಆಮೇಲೆ ಕಂಪ್ಯೂಟರಿಗೆ ಹಾಕುವಾಗ ಅಂಕಿ ಬದಲಾಗುತ್ತದೆ. ವಹಿ ಕಪಾಟಿನಲ್ಲಿಲ್ಲ, ಮೇಜಿನ ಮೇಲೆ ಇರುತ್ತದೆ.”

ಹುಡುಗ ಎದ್ದು ನಿಂತ. ಅಕ್ಕ ಮೊದಲೇ ಇನ್ನೊಂದು ಕಾಗದ ಹರಿದು, ಕೈ ಮರೆಮಾಡಿಕೊಂಡು, ಮುಂದಿನ ಬೀಗದ ಚೀಟಿ ಬರೆಯುತ್ತಿದ್ದಳು.